ತಿಂಗಳ ಸಾಮಾನಿಗೆ ಎಷ್ಟಾಗುತ್ತೆ?

ಆಫೀಸಿಗೆ ಹೊಸದಾಗಿ ಸೇರಿದ ಹುಡುಗ ಒಬ್ಬ ಬಿಟಿಎಂನಲ್ಲಿ ಮನೆ ಮಾಡುತ್ತಿದ್ದಾನೆ, ಇನ್ನು ಎರಡು ತಿಂಗಳಲ್ಲಿ ಮದುವೆ. ಊಟದ ಹೊತ್ತಿಗೆ ಕೇಳಿದ, "ಇಬ್ಬರಿಗೆ ತಿಂಗಳ ರೇಷನ್ ಎಷ್ಟಾಗುತ್ತೆ?" ಅಂತ. ಟೇಬಲ್ಲಿನಲ್ಲಿ ಐದು ಜನ ಇದ್ವಿ. ಆರು ಸಾವಿರದಿಂದ ಹಿಡಿದು ಇಪ್ಪತ್ತೈದು ಸಾವಿರದವರೆಗೆ ಐದು ಉತ್ತರ ಬಂತು. ಯಾರೂ ಸುಳ್ಳು ಹೇಳಿರಲಿಲ್ಲ. ಒಬ್ಬರು ಹಾಲು, ತರಕಾರಿ ಬಿಟ್ಟು ಹೇಳಿದ್ದರು. ಇನ್ನೊಬ್ಬರು ಫಿನಾಯಿಲ್, ಶ್ಯಾಂಪೂ, ಮಗುವಿನ ಡೈಪರ್ ಎಲ್ಲಾ ಸೇರಿಸಿದ್ದರು. ಮೂರನೆಯವರಿಗೆ ವಾರಾಂತ್ಯದ ಬಿರಿಯಾನಿಯೂ ರೇಷನ್ನೇ!

ಹಾಗಾದ್ರೆ ಇದನ್ನು ಸರಿಯಾಗಿ ಲೆಕ್ಕ ಹಾಕಿದವರು ಯಾರಾದರೂ ಇದ್ದಾರಾ ಅಂತ ಹುಡುಕುತ್ತಾ ಹೋದೆ. ಹುಡುಕಿದಷ್ಟೂ ಅದು ನಮ್ಮ ಜಯನಗರ, ಬನಶಂಕರಿ ಕಡೆಯ ಕಥೆಯೇ ಆಗುತ್ತಾ ಹೋಯಿತು.

ಮೊದಲ ಹೆಸರು ಜರ್ಮನಿಯದು. ಅರ್ನೆಸ್ಟ್ ಎಂಗೆಲ್ ಅಂತ, ಸ್ಯಾಕ್ಸನಿಯಲ್ಲಿದ್ದ ಅಂಕಿಅಂಶ ತಜ್ಞ. (ಕಮ್ಯುನಿಸ್ಟ್ ಎಂಗೆಲ್ಸ್ ಅಲ್ಲ ಕಣ್ರೀ, ಆತ ಬೇರೆ.) ಬೆಲ್ಜಿಯಂನ ಕಾರ್ಮಿಕ ಕುಟುಂಬಗಳ ಖರ್ಚಿನ ಲೆಕ್ಕ ಇಟ್ಟುಕೊಂಡು 1857ರಲ್ಲಿ ಆತ ಒಂದು ಮಾತು ಹೇಳಿದ. ಮನೆ ಬಡವಾದಷ್ಟೂ ಆದಾಯದಲ್ಲಿ ಊಟಕ್ಕೆ ಹೋಗುವ ಪಾಲು ಹೆಚ್ಚು, ಆದಾಯ ಏರಿದಂತೆ ಆ ಪಾಲು ಇಳಿಯುತ್ತದೆ. ನಮ್ಮ ಅಜ್ಜಿಯರಿಗೆ ಇದು ಹೇಳದೇ ಗೊತ್ತಿತ್ತು, ಆದರೆ ಬರೆದಿಟ್ಟವನ ಹೆಸರಲ್ಲೇ ನಿಯಮ ಉಳಿಯುವುದು ತಾನೇ.

ನಮ್ಮ ದೇಶದಲ್ಲಿ ಇದೇ ಕೆಲಸವನ್ನು ಲೇಬರ್ ಬ್ಯೂರೋ ಮಾಡುತ್ತಾ ಬಂದಿದೆ. ಕಾರ್ಮಿಕರ ಮನೆಗಳಿಗೆ ಹೋಗಿ ಎಷ್ಟು ಅಕ್ಕಿ, ಎಷ್ಟು ಬೇಳೆ, ಎಷ್ಟು ಬಾಡಿಗೆ ಅಂತ ಕೇಳಿ ಬರೆದುಕೊಂಡು, ಅದರಿಂದ ಒಂದು "ಬುಟ್ಟಿ" ಕಟ್ಟುತ್ತಾರೆ. ಆ ಬುಟ್ಟಿಯ ಬೆಲೆ ಪ್ರತಿ ತಿಂಗಳು ಎಷ್ಟು ಏರಿತು ಅಂತ ನೋಡುವುದೇ ಗ್ರಾಹಕ ಬೆಲೆ ಸೂಚ್ಯಂಕ. ಬೆಂಗಳೂರು ಆ ಕೇಂದ್ರಗಳಲ್ಲಿ ಒಂದು. ಜಯನಗರದ ಎಷ್ಟೋ ಮನೆಗಳಲ್ಲಿ ಅಪ್ಪ, ತಾತ ಕಾಯುತ್ತಿದ್ದ ಡಿಎ, ಅಂದರೆ ತುಟ್ಟಿಭತ್ಯೆ, ಇಂಥ ಸೂಚ್ಯಂಕ ಹಿಡಿದುಕೊಂಡೇ ಬರುವುದು. ಅಂದರೆ ಯಾರದೋ ಅಡಿಗೆಮನೆಯ ಬೇಳೆ ಡಬ್ಬಿಗೂ ನಮ್ಮ ತಾತನ ಸಂಬಳದ ಚೀಟಿಗೂ ನೇರ ತಂತಿ ಎಳೆದಿತ್ತು ಅನ್ನಿ.

ಆ ಬುಟ್ಟಿಯಲ್ಲಿ ಆಹಾರದ ಪಾಲು (ಇಡೀ ದೇಶದ್ದು) ಹೀಗಿದೆ ನೋಡಿ. 1960ರ ಸರಣಿಯಲ್ಲಿ ನೂರಕ್ಕೆ ಸುಮಾರು 61. 1982ರ ಸರಣಿಯಲ್ಲಿ 57. 2001ರದ್ದರಲ್ಲಿ 46.2. 2016ರದ್ದರಲ್ಲಿ 39.17. ಇಪ್ಪತ್ತೆರಡು ವರ್ಷದಲ್ಲಿ ಬರೀ ನಾಲ್ಕು ಇಳಿದದ್ದು ಮುಂದಿನ ಹತ್ತೊಂಬತ್ತು ವರ್ಷದಲ್ಲಿ ಹನ್ನೊಂದು ಇಳಿದಿದೆ. ರೂಪಾಯಿ ಇಳಿದಿದೆ ಅಂತಲ್ಲ. ಬಾಡಿಗೆ, ಸ್ಕೂಲ್ ಫೀಸು, ಆಸ್ಪತ್ರೆ, ಫೋನು ಇವೆಲ್ಲಾ ಬಂದು ಪಕ್ಕದಲ್ಲಿ ಕೂತಿದ್ದರಿಂದ ಅಕ್ಕಿ ಬೇಳೆಯ ಜಾಗ ಚಿಕ್ಕದಾಗಿದೆ, ಅಷ್ಟೇ.

ಈಗ ನಮ್ಮ ಏರಿಯಾಗೆ ಬರೋಣ. ಜಯನಗರಕ್ಕೆ 1948ರಲ್ಲಿ ರಾಜಾಜಿ ಶಂಕುಸ್ಥಾಪನೆ ಮಾಡಿದರು. ಬಡಾವಣೆ ಕಟ್ಟಿದ್ದು ಆಗಿನ ಸಿಟಿ ಇಂಪ್ರೂವ್‌ಮೆಂಟ್ ಟ್ರಸ್ಟ್ ಬೋರ್ಡ್, ಅದೇ 1976ರಲ್ಲಿ ಬಿಡಿಎ ಆಯಿತು. ಮೊದಲು ಬಂದವರಿಗೆ ಸೈಟು ಸಿಕ್ಕಿತು, ಅಂಗಡಿ ಸಿಗಲಿಲ್ಲ. ನಮ್ಮ ಅಜ್ಜಿ ಹೇಳುವ ಪ್ರಕಾರ ಸಾಮಾನಿಗೆ ಗಾಂಧಿಬಜಾರು, ದೊಡ್ಡ ಹಬ್ಬವಿದ್ದರೆ ತರಗುಪೇಟೆ. ಪಾವು, ಅಚ್ಚೇರು, ಸೇರು ಲೆಕ್ಕ. 1957ರ ಏಪ್ರಿಲ್‌ನಲ್ಲಿ ಆಣೆ ಹೋಗಿ ನಯಾಪೈಸೆ ಬಂತು, 1962ರ ಹೊತ್ತಿಗೆ ಕಿಲೋ ಕಡ್ಡಾಯವಾಯಿತು. ಐದು ವರ್ಷದಲ್ಲಿ ಅಳತೆ, ದುಡ್ಡು ಎರಡೂ ಬದಲು! ನಾವು ಒಂದು ಡೇಟಾಬೇಸ್ ಮೈಗ್ರೇಷನ್ನಿಗೆ ಎಷ್ಟು ಗೋಳಾಡುತ್ತೇವೆ ಅಂತ ನೆನೆದರೆ ನಗು ಬರುತ್ತೆ. ಆದರೂ ಅಜ್ಜಿ ಇವತ್ತಿಗೂ ಅನ್ನಕ್ಕೆ ಇಡುವುದು ಪಾವಿನಲ್ಲೇ. ಕಿಲೋ ಏನಿದ್ದರೂ ಅಂಗಡಿಯ ಭಾಷೆ, ಅಡಿಗೆಮನೆಯದಲ್ಲ.

ಆ ಕಾಲದ ಸಾಮಾನಿನ ಪಟ್ಟಿಯ ಮೊದಲ ಸಾಲು ಯಾವಾಗಲೂ ಅರಿಶಿನ. ಮನೆಯಲ್ಲಿ ಅರಿಶಿನ ತುಂಬಿ ತುಳುಕುತ್ತಿದ್ದರೂ ಶುಭಕ್ಕೆ ಅಂತ ಮೊದಲು ಅದನ್ನೇ ಬರೆಯಬೇಕು. ಆಮೇಲೆ ಅಕ್ಕಿ, ಬೇಳೆ, ಹೀಗೆ. ಪಟ್ಟಿ ಅಂಗಡಿಗೆ ಹೋಗುತ್ತಿತ್ತು, ಹುಡುಗ ಸೈಕಲ್ಲಿನಲ್ಲಿ ಸಾಮಾನು ತಂದು ಹಾಕುತ್ತಿದ್ದ, ಲೆಕ್ಕ ಶೆಟ್ಟರ ಉದ್ದನೆಯ ಪುಸ್ತಕಕ್ಕೆ. ಸಂಬಳ ಬಂದ ಮೇಲೆ ಚುಕ್ತಾ. "ತಿಂಗಳ" ಸಾಮಾನು ಅನ್ನುವ ಪದವೇ ಸಂಬಳದಿಂದ ಹುಟ್ಟಿದ್ದು ಅಂತ ನನ್ನ ಊಹೆ. ಹಳ್ಳಿಯ ಮನೆಯಲ್ಲಿ ಸುಗ್ಗಿಗೆ ಕಣಜ ತುಂಬಿದರೆ ವರ್ಷದ ಲೆಕ್ಕ, ಕೂಲಿ ಮಾಡುವವರಿಗೆ ದಿನದ ಲೆಕ್ಕ, ಸಂಬಳದವರಿಗೆ ಮಾತ್ರ ತಿಂಗಳ ಲೆಕ್ಕ. ದಕ್ಷಿಣ ಬೆಂಗಳೂರು ಇಂಥ ಸಂಬಳದವರದೇ ಊರಾಗಿತ್ತು.

ಬೆಲೆ ಏರಿದಾಗ, ಸಾಮಾನು ಸಿಗದಿದ್ದಾಗ ಏನು ಮಾಡುತ್ತಿದ್ದರು? ಇದಕ್ಕೆ ಲಾಲ್‌ಬಾಗ್ ರಸ್ತೆಯ ಎಂಟಿಆರ್‌ಗಿಂತ ಒಳ್ಳೆ ಉದಾಹರಣೆ ಇಲ್ಲ. 1924ರಲ್ಲಿ ಶುರುವಾದ ಹೋಟೆಲು. ಎರಡನೇ ಮಹಾಯುದ್ಧದಲ್ಲಿ, 1942ರಲ್ಲಿ, ಬರ್ಮಾ ಜಪಾನಿನ ಕೈಗೆ ಹೋಗಿ ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಅಕ್ಕಿ ಇಲ್ಲದೆ ಇಡ್ಲಿ ಹೇಗೆ? ರವೆಯಲ್ಲಿ ಮಾಡಿ ನೋಡಿದರು, ರವೆ ಇಡ್ಲಿ ಹುಟ್ಟಿತು. ಇವತ್ತು ಭಾನುವಾರ ಕ್ಯೂ ನಿಂತು ತಿನ್ನುವ ರವೆ ಇಡ್ಲಿ ಮೂಲದಲ್ಲಿ ಕೊರತೆಯ ತಿಂಡಿ. ಮುಂದೆ 1975ರ ತುರ್ತು ಪರಿಸ್ಥಿತಿಯಲ್ಲಿ ಹೋಟೆಲ್ ತಿಂಡಿಗೆ ಸರ್ಕಾರ ಕಡಿಮೆ ಬೆಲೆ ಗೊತ್ತುಪಡಿಸಿತು. ಆ ಬೆಲೆಗೆ ಮಾರಿದರೆ ನಷ್ಟ, ಗುಣಮಟ್ಟ ಇಳಿಸಲು ಮನಸ್ಸಿಲ್ಲ. ಕೊನೆಗೆ ಹೋಟೆಲನ್ನೇ ಕೆಲಕಾಲ ಮುಚ್ಚಿ, ಕೆಲಸದವರನ್ನು ಬಿಡದೆ ಇಟ್ಟುಕೊಳ್ಳಲು ಪುಡಿ, ಮಿಕ್ಸ್ ಪೊಟ್ಟಣ ಮಾಡಿ ಮಾರುವ ದಾರಿ ಹಿಡಿದರು. ಆ ಪೊಟ್ಟಣದ ವ್ಯಾಪಾರ ಎಷ್ಟು ಬೆಳೆಯಿತೆಂದರೆ 2007ರಲ್ಲಿ ನಾರ್ವೆಯ ಓರ್ಕ್ಲಾ ಕಂಪನಿ ಅದನ್ನು ಕೊಂಡುಕೊಂಡಿತು. ನಮ್ಮ ದಿನಸಿ ಪಟ್ಟಿಗೆ "ಗುಲಾಬ್ ಜಾಮೂನ್ ಮಿಕ್ಸ್" ಥರದ ಸಾಲುಗಳು ಬಂದು ಸೇರಿದ್ದರ ಹಿಂದೆ ಬೆಲೆ ನಿಯಂತ್ರಣದ ಒಂದು ಆದೇಶ ಇದೆ ಅಂದರೆ ತಮಾಷೆ ಅನಿಸಲ್ವಾ?

ಆ ದಶಕಗಳಲ್ಲಿ ಸರ್ಕಾರ, ಸಹಕಾರಿಗಳೂ ದಿನಸಿ ಅಂಗಡಿ ಇಟ್ಟವು. 1959ರಲ್ಲಿ ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಶುರುವಾಯಿತು. ಅದೇ ಮುಂದೆ ಹಾಪ್‌ಕಾಮ್ಸ್. 1965ರಲ್ಲಿ ಹೊಸೂರು ರಸ್ತೆಯ ಹತ್ತಿರ ಬೆಂಗಳೂರು ಡೇರಿ. 1962ರ ಚೀನಾ ಯುದ್ಧದ ನಂತರ ಪಟ್ಟಣಗಳಲ್ಲಿ ಗ್ರಾಹಕ ಸಹಕಾರ ಭಂಡಾರ ತೆರೆಯಲು ಕೇಂದ್ರದ ಯೋಜನೆ ಬಂತು, 1966ರಲ್ಲಿ ರೂಪಾಯಿ ಅಪಮೌಲ್ಯ ಆದಮೇಲೆ ಅದಕ್ಕೆ ಇನ್ನಷ್ಟು ಬಿರುಸು. ಕೆಂಪೇಗೌಡ ರಸ್ತೆಯ ಜನತಾ ಬಜಾರ್ ನೆನಪಿರುವವರಿಗೆ ಇದು ಗೊತ್ತು. ರೇಷನ್ ಅಂಗಡಿಗೆ ನಮ್ಮ ಕಡೆ ಇವತ್ತಿಗೂ "ಸೊಸೈಟಿ" ಅಂತಲೇ ಹೆಸರು. ಅಮ್ಮ ಚಿಕ್ಕವಳಿದ್ದಾಗ ಸಕ್ಕರೆ, ಸೀಮೆಎಣ್ಣೆಗೆ ಸೊಸೈಟಿ ಮುಂದೆ ಚೀಲ ಇಟ್ಟು ಜಾಗ ಹಿಡಿಯುವುದು ಅವಳ ಡ್ಯೂಟಿಯಂತೆ. ಆ ಗಂಟೆಗಳಿಗೆ ಯಾವ ಸೂಚ್ಯಂಕದಲ್ಲೂ ಬೆಲೆ ಇಲ್ಲ.

1996ರಲ್ಲಿ ಮದ್ರಾಸಿನಲ್ಲಿ ಫುಡ್‌ವರ್ಲ್ಡ್ ಶುರುವಾಗಿ ಬೆಂಗಳೂರಿಗೂ ಬಂತು. 1999ರಲ್ಲಿ ಇಲ್ಲಿನವರೇ ಕೆಲವರು ಸೇರಿ ಫ್ಯಾಬ್‌ಮಾರ್ಟ್ ಅಂತ ಇಂಟರ್ನೆಟ್ ಅಂಗಡಿ ತೆರೆದರು. ಆಗ ಮನೆಮನೆಗೆ ಇಂಟರ್ನೆಟ್ಟೇ ಇರಲಿಲ್ಲ ಪಾಪ! ಅವರು ಇಟ್ಟಿಗೆ ಗಾರೆಯ ಅಂಗಡಿಗಳನ್ನೂ ತೆರೆದರು, ಅವು ಕೈ ಬದಲಾಗಿ "ಮೋರ್" ಆದವು. ಆ ತಂಡದ ಕೆಲವರೇ 2011ರಲ್ಲಿ ಬಿಗ್‌ಬಾಸ್ಕೆಟ್ ಶುರು ಮಾಡಿದ್ದು, 2021ರಲ್ಲಿ ಅದು ಟಾಟಾ ಪಾಲಾಯಿತು. ನನಗೆ ಚೆನ್ನಾಗಿ ನೆನಪಿರುವುದು ಸುಭಿಕ್ಷಾ. ನಾನು ಪ್ರೈಮರಿ ಸ್ಕೂಲಿನಲ್ಲಿದ್ದಾಗ ಎಲ್ಲೆಲ್ಲೂ ಅದೇ ಬೋರ್ಡು. 2009ರ ಹೊತ್ತಿಗೆ ದೇಶದಲ್ಲಿ 1600ಕ್ಕೂ ಹೆಚ್ಚು ಅಂಗಡಿ ಇದ್ದದ್ದು ಕೆಲವೇ ತಿಂಗಳಲ್ಲಿ ಮುಗ್ಗರಿಸಿತು. ಬಿಗ್ ಬಜಾರ್ ಕೂಡ 2022ರಲ್ಲಿ ಇಲ್ಲವಾಯಿತು. ನಮ್ಮ ಕ್ರಾಸಿನ ಶೆಟ್ಟರ ಅಂಗಡಿ ಮಾತ್ರ ಇವರೆಲ್ಲರಿಗಿಂತ ಮುಂಚೆ ಇತ್ತು, ಈಗಲೂ ಇದೆ.

2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್ ಆದಾಗ ಆ್ಯಪ್‌ಗಳಲ್ಲಿ ಸ್ಲಾಟ್ ಸಿಗುತ್ತಿರಲಿಲ್ಲ. ಶೆಟ್ಟರು ವಾಟ್ಸಾಪಿನಲ್ಲಿ ಚೀಟಿ ತಗೊಂಡು, ಗೇಟಿಗೆ ಚೀಲ ತಗುಲಿಹಾಕಿ ಹೋಗುತ್ತಿದ್ದರು. "ದುಡ್ಡು ಆಮೇಲೆ ಕೊಡಿ ಸಾರ್, ನೀವೆಲ್ಲಿ ಹೋಗ್ತೀರ, ನಾನೆಲ್ಲಿ ಹೋಗ್ತೀನಿ" ಅಂದಿದ್ದರು ಅಪ್ಪನಿಗೆ. ಅದೇ ವರ್ಷ ಆಗಸ್ಟಿನಲ್ಲಿ ಇನ್‌ಸ್ಟಾಮಾರ್ಟ್ ಬೆಂಗಳೂರಿಗೆ ಬಂತು. ಈಗ ನಮ್ಮ ಮನೆಯಲ್ಲಿ ತಿಂಗಳ ಸಾಮಾನು ಅನ್ನುವುದೇ ಒಡೆದುಹೋಗಿದೆ. ಅಕ್ಕಿ, ಬೇಳೆ, ಎಣ್ಣೆ ಶೆಟ್ಟರಲ್ಲಿ, ತರಕಾರಿ ಸಾರಕ್ಕಿ ಮಾರ್ಕೆಟ್ಟಿನಲ್ಲಿ, ಉಳಿದದ್ದೆಲ್ಲಾ ಹತ್ತು ನಿಮಿಷದ ಹುಡುಗರ ಬೆನ್ನಮೇಲೆ. ಶೆಟ್ಟರ ಪುಸ್ತಕದಲ್ಲಿ ಒಂದೇ ಕಡೆ ಕೂಡಿ ಬರುತ್ತಿದ್ದ ಮೊತ್ತ ಈಗ ನಾಲ್ಕು ಕಡೆ ಚೆದುರಿದೆ. ಐದು ಜನ ಐದು ಉತ್ತರ ಹೇಳದೆ ಇನ್ನೇನು ಮಾಡುತ್ತಾರೆ!

ಹಾಗಾದರೆ ಸರ್ಕಾರಿ ಉತ್ತರ ಏನು? 2023-24ರ ಕುಟುಂಬ ಬಳಕೆ ವೆಚ್ಚ ಸಮೀಕ್ಷೆಯ ಪ್ರಕಾರ ಕರ್ನಾಟಕದ ನಗರಗಳಲ್ಲಿ ಒಬ್ಬರ ತಿಂಗಳ ಖರ್ಚು ಸರಾಸರಿ 8,076 ರೂಪಾಯಿ, ಹಳ್ಳಿಗಳಲ್ಲಿ 4,903. ನಾಲ್ಕು ಜನರ ನಗರದ ಮನೆಗೆ 32,304 ಆಯಿತು. ದೇಶದ ನಗರಗಳಲ್ಲಿ ಆಹಾರದ ಪಾಲು ನೂರಕ್ಕೆ 39.68. ಅದನ್ನೇ ಇಲ್ಲಿಗೂ ಹಿಡಿದರೆ ಆಹಾರಕ್ಕೆ ಸುಮಾರು 12,800. ಅದರಲ್ಲಿ ಪಾನೀಯ, ಹೊರಗಿನ ತಿಂಡಿ, ತಯಾರಿ ಆಹಾರದ್ದೇ ಮೂರೂವರೆ ಸಾವಿರದಷ್ಟು. ಮನೆಯ ಅಡಿಗೆಗೆ ಉಳಿಯುವುದು ಒಂಬತ್ತು ಸಾವಿರದ ಆಸುಪಾಸು. ಇದು ರಾಯಚೂರು, ಗದಗ, ಬೆಂಗಳೂರು ಎಲ್ಲಾ ಸೇರಿದ ಸರಾಸರಿ ಅನ್ನೋದು ನೆನಪಿರಲಿ. ಜಯನಗರ ನಾಲ್ಕನೇ ಬ್ಲಾಕಿನಲ್ಲಿ ಈ ಅಂಕಿ ಹೇಳಿದರೆ ಜನ ನಗಬಹುದು.

ನನ್ನ ಕಣ್ಣು ನಿಂತಿದ್ದು ಇನ್ನೊಂದು ಅಂಕಿಯ ಮೇಲೆ. 1999-2000ದಲ್ಲಿ ನಗರದ ಮನೆ ಖರ್ಚಿನಲ್ಲಿ ಅಕ್ಕಿ, ಗೋಧಿ, ರಾಗಿ ಥರದ ಧಾನ್ಯಕ್ಕೆ ನೂರಕ್ಕೆ 12 ರೂಪಾಯಿಯಷ್ಟು ಹೋಗುತ್ತಿತ್ತು. 2022-23ರಲ್ಲಿ 4 ರೂಪಾಯಿಗೂ ಕಡಿಮೆ. ಅದೇ ವರ್ಷ ಪಾನೀಯ, ತಯಾರಿ ಆಹಾರದ್ದು 10.64. ಅಂದರೆ ಅಕ್ಕಿಗಿಂತ ಚಿಪ್ಸು, ಕಾಫಿ, ಪಾರ್ಸೆಲ್‌ಗಳ ಪಾಲು ಎರಡೂವರೆ ಪಟ್ಟಿಗೂ ಹೆಚ್ಚು. ಅಮ್ಮನಿಗೆ ಹೇಳಿದೆ. "ಅದಕ್ಕೆ ಸರ್ವೇ ಬೇಕಿತ್ತಾ, ನಿನ್ನ ಫೋನ್ ನೋಡಿದ್ರೆ ಸಾಕು" ಅಂದಳು :-)

ಆದರೆ ಈ ಸರಾಸರಿ ಒಳಗೆ ಯಾರು ಮುಚ್ಚಿಹೋಗುತ್ತಾರೆ ಅನ್ನೋದು ನನ್ನನ್ನು ಕಾಡುವ ಪ್ರಶ್ನೆ. ನಮ್ಮ ಮನೆಗೆ ಕೆಲಸಕ್ಕೆ ಬರುವ ಅಕ್ಕ ಎಣ್ಣೆಯನ್ನು ಕಾಲು ಲೀಟರಿನ ಪ್ಯಾಕೆಟ್ಟಿನಲ್ಲಿ, ಕಾಫಿಪುಡಿಯನ್ನು ಸಣ್ಣ ಸ್ಯಾಚೆಯಲ್ಲಿ ಕೊಳ್ಳುತ್ತಾರೆ. ಲೆಕ್ಕ ಹಾಕಿದರೆ ಲೀಟರಿಗೆ, ಕಿಲೋಗೆ ಅವರು ಕೊಡುವುದು ನಮಗಿಂತ ಜಾಸ್ತಿ. ಐದು ಲೀಟರಿನ ಕ್ಯಾನ್ ಕೊಳ್ಳುವ ದುಡ್ಡು ಒಟ್ಟಿಗೆ ಕೈಯಲ್ಲಿ ಇರಬೇಕಲ್ಲ. 2013ರಲ್ಲಿ ಅನ್ನಭಾಗ್ಯ ಬಂದಮೇಲೆ ಅಕ್ಕಿಯ ಚಿಂತೆ ಕಡಿಮೆಯಾಯಿತು ಅನ್ನುತ್ತಾರೆ. ಬೇಳೆ, ಎಣ್ಣೆ, ಹಾಲಿನ ಚಿಂತೆ ಹಾಗೇ ಇದೆ. 2025ರ ಏಪ್ರಿಲ್ 1ಕ್ಕೆ ನಂದಿನಿ ಹಾಲು ಲೀಟರಿಗೆ 4 ರೂಪಾಯಿ ಏರಿತು. ದಿನಕ್ಕೆ ಒಂದೂವರೆ ಲೀಟರ್ ತರುವ ನಮಗೆ ತಿಂಗಳಿಗೆ 180 ರೂಪಾಯಿ ಹೆಚ್ಚಾಯಿತು, ಯಾರೂ ಗಮನಿಸಲೂ ಇಲ್ಲ. ಅವರು ಅರ್ಧ ಲೀಟರನ್ನು ಕಾಲು ಲೀಟರ್ ಮಾಡಿಕೊಂಡರು. ಖರ್ಚು ಕಡಿಮೆಯಾಯಿತು ಅಂತಲೇ ಸಮೀಕ್ಷೆಯಲ್ಲಿ ಬರುತ್ತೆ!

ತೆರಿಗೆಯ ಕಥೆಯೂ ಇಂಥದ್ದೇ. 2022ರ ಜುಲೈ 18ರಿಂದ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಅಕ್ಕಿ, ಬೇಳೆ, ಹಿಟ್ಟಿಗೆ ಶೇಕಡಾ 5 ಜಿಎಸ್‌ಟಿ ಬಂತು, 25 ಕಿಲೋವರೆಗಿನ ಚೀಲಕ್ಕೆ ಮಾತ್ರ. ಅಂಗಡಿಯವರು ಏನು ಮಾಡಿದರು? 26 ಕಿಲೋ ಚೀಲ! ಶೆಟ್ಟರ ಅಂಗಡಿಯಲ್ಲಿ ಸೋನಾ ಮಸೂರಿ 26 ಕಿಲೋ ಚೀಲ ಕಂಡರೆ ಅದು ಪ್ರಿಂಟ್ ಮಿಸ್ಟೇಕ್ ಅಲ್ಲ. ಅಲ್ಲೂ ಅಷ್ಟೇ, 26 ಕಿಲೋ ಒಟ್ಟಿಗೆ ಕೊಳ್ಳುವವರಿಗೆ ತೆರಿಗೆ ಇಲ್ಲ, ಐದು ಕಿಲೋ ಪ್ಯಾಕ್ ಕೊಳ್ಳುವವರಿಗೆ ಇದೆ. 2025ರ ಸೆಪ್ಟೆಂಬರ್ 22ಕ್ಕೆ ಬಿಸ್ಕತ್ತು, ಬೆಣ್ಣೆ, ತುಪ್ಪ, ಸೋಪಿನ ತೆರಿಗೆ 5ಕ್ಕೆ ಇಳಿಯಿತು, ಅದು ಒಳ್ಳೆಯದೇ. ಅದಕ್ಕೂ ಮುಂಚೆ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ತೆರಿಗೆ ಇಲಾಖೆ ನೋಟಿಸ್ ಕೊಟ್ಟಾಗ ಬೆಂಗಳೂರಿನ ಎಷ್ಟೋ ಸಣ್ಣ ಅಂಗಡಿಗಳು ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ದವು. ಶೆಟ್ಟರೂ ಹಾಕಿದ್ದರು. ಹಳೇ ಉದ್ದನೆಯ ಪುಸ್ತಕದಲ್ಲಿದ್ದ ಲೆಕ್ಕ ಅವರಿಗೂ ಅಪ್ಪನಿಗೂ ಮಾತ್ರ ಕಾಣುತ್ತಿತ್ತು, ಈಗಿನದು ಎಲ್ಲರಿಗೂ ಕಾಣುತ್ತೆ.

ಅಂದ ಹಾಗೆ, 2022-23ರ ಸಮೀಕ್ಷೆಯವರು ಒಂದೇ ಮನೆಗೆ ಮೂರು ತಿಂಗಳಲ್ಲಿ ಮೂರು ಸಲ ಹೋಗಿ, ಆಹಾರ, ದಿನಬಳಕೆ ವಸ್ತು ಮತ್ತು ಸೇವೆ, ಬಾಳಿಕೆ ಬರುವ ಸಾಮಾನು ಅಂತ ಮೂರು ಬೇರೆ ಪ್ರಶ್ನಾವಳಿ ತುಂಬಿಸಿಕೊಂಡಿದ್ದಾರೆ. ಆನ್‌ಲೈನಿನಲ್ಲಿ ಏನು ಕೊಂಡಿರಿ ಅಂತಲೂ ಕೇಳಿದ್ದಾರೆ. ಮುಂದೆ ಯಾರಾದರೂ ನಿಮ್ಮ ಮನೆಗೆ ಬಂದರೆ ದಯವಿಟ್ಟು ಸೆಕ್ಯುರಿಟಿಯವರಿಂದ ವಾಪಸ್ ಕಳಿಸಬೇಡಿ. ದೊಡ್ಡ ಅಪಾರ್ಟ್‌ಮೆಂಟಿನ ಬಾಗಿಲು ಮುಚ್ಚಿದ್ದರೆ ಸರಾಸರಿಯಲ್ಲಿ ನಾವು ಇರುವುದೇ ಇಲ್ಲ.

ಮತ್ತೆ ನಿಮ್ಮಲ್ಲಿ ಯಾರ ಮನೆಯ ಅಟ್ಟದ ಮೇಲಾದರೂ ಹಳೇ ಖರ್ಚಿನ ಡೈರಿ ಇದ್ದರೆ ರದ್ದಿಗೆ ಹಾಕುವ ಮುಂಚೆ ಫೋಟೋ ತೆಗೆದು ನನಗೊಂದು ಪ್ರತಿ ಕಳಿಸಿ. ನನಗೆ ಮುಖ್ಯವಾಗಿ ಬೇಕಿರುವುದು 1966 ಮತ್ತು 1975-77ರ ವರ್ಷಗಳದ್ದು. ಅಕ್ಷರ ಅರ್ಥವಾಗದಿದ್ದರೂ ಪರವಾಗಿಲ್ಲ, ಅಜ್ಜಿ ಓದಿ ಹೇಳುತ್ತಾರೆ.