ಟ್ರಿಸ್ಟನ್ ಡ ಕುನ್ಯ

ಟ್ರಿಸ್ಟನ್ ಡ ಕುನ್ಯ ಎಂಬುದು ದಕ್ಷಿಣ ಅಟ್ಲಾಂಟಿಕ್ ಮಹಾಸಾಗರದ ಒಂದು ಜ್ವಾಲಾಮುಖಿ ದ್ವೀಪಸಮೂಹ. ಅದರ ಮುಖ್ಯ ದ್ವೀಪಕ್ಕೂ ಇದೇ ಹೆಸರಿದೆ. ಇದು ಬ್ರಿಟನ್ನಿನ ಸಾಗರೋತ್ತರ ಪ್ರದೇಶವಾದ ಸೇಂಟ್ ಹೆಲೆನಾ, ಅಸೆನ್ಶನ್ ಮತ್ತು ಟ್ರಿಸ್ಟನ್ ಡ ಕುನ್ಯದ ಒಂದು ಭಾಗ. ಜನವಸತಿಯಿರುವ ದ್ವೀಪಗಳಲ್ಲಿ ಜಗತ್ತಿನಲ್ಲೇ ಅತ್ಯಂತ ದೂರದ್ದೆಂದು ಇದು ಪ್ರಸಿದ್ಧವಾಗಿದೆ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್ ಇಲ್ಲಿಂದ ಸುಮಾರು 2,800 ಕಿ.ಮೀ. ಹಾಗೂ ಸೇಂಟ್ ಹೆಲೆನಾ ಸುಮಾರು 2,400 ಕಿ.ಮೀ. ದೂರದಲ್ಲಿವೆ. ಜನಸಂಖ್ಯೆ 250ಕ್ಕಿಂತ ಕಡಿಮೆ.

ಭೌಗೋಳಿಕ ಲಕ್ಷಣಗಳು

ಮುಖ್ಯ ದ್ವೀಪವು ಸಮುದ್ರತಳದಿಂದ ಮೇಲೆದ್ದಿರುವ ಒಂದು ಬೃಹತ್ ಜ್ವಾಲಾಮುಖಿಯ ತುದಿಯಾಗಿದ್ದು, ಬಹುಮಟ್ಟಿಗೆ ವೃತ್ತಾಕಾರವಾಗಿದೆ. ಇದರ ವಿಸ್ತೀರ್ಣ ಸುಮಾರು 98 ಚ.ಕಿ.ಮೀ. ನಡುವೆ ಇರುವ ಕ್ವೀನ್ ಮೇರೀಸ್ ಶಿಖರದ ಎತ್ತರ 2,062 ಮೀಟರ್. ಚಳಿಗಾಲದಲ್ಲಿ ಶಿಖರದ ಮೇಲೆ ಹಿಮ ಬೀಳುತ್ತದೆ. ಕರಾವಳಿಯ ಬಹುಭಾಗ ಕಡಿದಾದ ಬಂಡೆಗೋಡೆಗಳಿಂದ ಕೂಡಿದೆ. ವಾಯವ್ಯದಲ್ಲಿರುವ ಕಿರಿದಾದ ಸಮತಟ್ಟು ಪ್ರದೇಶದಲ್ಲಿ ಮಾತ್ರ ಜನರು ವಾಸಿಸುತ್ತಾರೆ. ಇಲ್ಲಿನ ಏಕೈಕ ಊರು ಎಡಿನ್‌ಬರ್ಗ್ ಆಫ್ ದ ಸೆವೆನ್ ಸೀಸ್. 1867ರಲ್ಲಿ ಎಡಿನ್‌ಬರ್ಗಿನ ಡ್ಯೂಕ್ ರಾಜಕುಮಾರ ಆಲ್‌ಫ್ರೆಡ್ ಭೇಟಿ ನೀಡಿದ ನೆನಪಿಗಾಗಿ ಈ ಹೆಸರು ಬಂದಿತು.

ಇನಾಕ್ಸೆಸಿಬಲ್, ನೈಟಿಂಗೇಲ್ ಮತ್ತು ದೂರದ ಗಫ್ ಈ ಸಮೂಹದ ಇತರ ದ್ವೀಪಗಳು. ಗಫ್ ದ್ವೀಪದಲ್ಲಿ ದಕ್ಷಿಣ ಆಫ್ರಿಕಾದ ಹವಾಮಾನ ಕೇಂದ್ರವಿದೆ. ಉಳಿದೆರಡರಲ್ಲಿ ಶಾಶ್ವತ ವಸತಿಯಿಲ್ಲ. ಭೂಮಿಯ ಒಳಪದರದಿಂದ ಬಿಸಿ ಶಿಲಾದ್ರವ್ಯವು ಮೇಲೇರುವ ಹಾಟ್‌ಸ್ಪಾಟ್ ಈ ದ್ವೀಪಗಳ ಹುಟ್ಟಿಗೆ ಕಾರಣವೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಆಫ್ರಿಕಾದ ನಮೀಬಿಯಾ ತೀರದತ್ತ ಚಾಚಿರುವ ವಾಲ್ವಿಸ್ ಸಾಗರತಳ ಪರ್ವತಶ್ರೇಣಿಯು ಇದೇ ಹಾಟ್‌ಸ್ಪಾಟ್‌ನ ಹಳೆಯ ಜಾಡು ಎನ್ನಲಾಗಿದೆ.

ಇತಿಹಾಸ

1506ರಲ್ಲಿ ಪೋರ್ಚುಗೀಸ್ ನಾವಿಕ ಟ್ರಿಸ್ಟಾವ್ ಡ ಕುನ್ಯ ಈ ದ್ವೀಪಗಳನ್ನು ಕಂಡನು. 1816ರಲ್ಲಿ ಬ್ರಿಟನ್ ಇವುಗಳನ್ನು ವಶಪಡಿಸಿಕೊಂಡು ಸೇನಾ ತುಕಡಿಯನ್ನು ಇರಿಸಿತು. ಸೇಂಟ್ ಹೆಲೆನಾದಲ್ಲಿ ಸೆರೆಯಲ್ಲಿದ್ದ ನೆಪೋಲಿಯನ್‌ನನ್ನು ಬಿಡಿಸಲು ಫ್ರೆಂಚರು ಈ ದ್ವೀಪವನ್ನು ಬಳಸಬಹುದೆಂಬ ಶಂಕೆ ಇದಕ್ಕೆ ಒಂದು ಕಾರಣವಾಗಿತ್ತು. ಮರುವರ್ಷ ಸೇನೆ ಹಿಂತಿರುಗಿದಾಗ ಸ್ಕಾಟ್ಲೆಂಡಿನ ಸೈನಿಕ ವಿಲಿಯಂ ಗ್ಲಾಸ್ ತನ್ನ ಕುಟುಂಬದೊಂದಿಗೆ ಇಲ್ಲಿಯೇ ಉಳಿದನು. ಅವನೂ ಅವನ ಸಂಗಡಿಗರೂ ಮಾಡಿಕೊಂಡ ಒಪ್ಪಂದದಂತೆ ಯಾರೂ ಯಾರಿಗಿಂತ ಮೇಲಲ್ಲ. ದುಡಿಮೆ ಮತ್ತು ಲಾಭ ಎಲ್ಲರಿಗೂ ಸಮಾನ. ಮುಂದೆ ನೌಕಾಘಾತದಿಂದ ಪಾರಾದವರು, ತಿಮಿಂಗಿಲ ಬೇಟೆಗಾರರು ಹಾಗೂ ಸೇಂಟ್ ಹೆಲೆನಾದಿಂದ ಬಂದ ಸ್ತ್ರೀಯರು ಸೇರಿ ಈ ಸಮುದಾಯ ಬೆಳೆಯಿತು. 1885ರಲ್ಲಿ ಹಡಗೊಂದನ್ನು ಸಂಧಿಸಲು ದೋಣಿಯಲ್ಲಿ ಹೋದ 15 ಪುರುಷರು ಮರಳಲಿಲ್ಲ. ಇಷ್ಟು ಸಣ್ಣ ಊರಿಗೆ ಅದು ಬಹುದೊಡ್ಡ ನಷ್ಟವಾಗಿತ್ತು.

1961ರ ಜ್ವಾಲಾಮುಖಿ ಸ್ಫೋಟ

1961ರ ಆಗಸ್ಟ್‌ನಿಂದ ದ್ವೀಪದಲ್ಲಿ ಭೂಕಂಪನಗಳು ಆರಂಭವಾದವು. ಅಕ್ಟೋಬರ್ 10ರಂದು ಊರಿನ ಅಂಚಿನಲ್ಲಿಯೇ ನೆಲ ಬಿರಿದು ಸ್ಫೋಟ ಸಂಭವಿಸಿತು. ಜನರನ್ನು ಮೊದಲು ನೈಟಿಂಗೇಲ್ ದ್ವೀಪಕ್ಕೆ, ಅಲ್ಲಿಂದ ಕೇಪ್‌ಟೌನ್ ಮಾರ್ಗವಾಗಿ ಇಂಗ್ಲೆಂಡಿಗೆ ಸಾಗಿಸಲಾಯಿತು. ಲಾವಾರಸವು ಮೀನು ಸಂಸ್ಕರಣಾ ಕಾರ್ಖಾನೆಯನ್ನೂ ದೋಣಿ ನಿಲ್ಲಿಸುವ ತೀರವನ್ನೂ ಮುಚ್ಚಿತು. ಬಹುತೇಕ ಮನೆಗಳು ಉಳಿದವು.

ನಿರಾಶ್ರಿತರು ಸೌತಾಂಪ್ಟನ್ ಬಳಿಯ ಕ್ಯಾಲ್‌ಶಾಟ್‌ನಲ್ಲಿ ನೆಲೆಸಿದರು. ಉದ್ಯೋಗ, ಶಾಲೆ, ವಿದ್ಯುತ್ ಎಲ್ಲವೂ ದೊರೆತರೂ ಅಲ್ಲಿನ ಸೋಂಕುರೋಗಗಳು ಮತ್ತು ಜೀವನಕ್ರಮ ಅವರಿಗೆ ಒಗ್ಗಲಿಲ್ಲ. 1962ರಲ್ಲಿ ರಾಯಲ್ ಸೊಸೈಟಿಯ ತಂಡವು ದ್ವೀಪವನ್ನು ಪರಿಶೀಲಿಸಿತು. ಅದೇ ವರ್ಷದ ಕೊನೆಯಲ್ಲಿ ನಡೆದ ಮತದಾನದಲ್ಲಿ 148 ಮಂದಿ ಹಿಂತಿರುಗುವ ಪರವಾಗಿಯೂ 5 ಮಂದಿ ವಿರುದ್ಧವಾಗಿಯೂ ಮತ ನೀಡಿದರು. 1963ರಲ್ಲಿ ಬಹುತೇಕರು ಸ್ವದೇಶಕ್ಕೆ ಮರಳಿದರು. ಮುಂದೆ ಅಲ್ಲಿ ಕಟ್ಟಿದ ಬಂದರಿಗೆ ಕ್ಯಾಲ್‌ಶಾಟ್ ಎಂದೇ ಹೆಸರಿಡಲಾಯಿತು.

ಜನಜೀವನ

ಲಾಬ್‌ಸ್ಟರ್ ರಫ್ತು ದ್ವೀಪದ ಮುಖ್ಯ ಆದಾಯ. ಅಂಚೆಚೀಟಿಗಳ ಮಾರಾಟವೂ ಆದಾಯ ತರುತ್ತದೆ. ಊರಿನ ಹೊರಗಿರುವ ಹೊಲಗಳಲ್ಲಿ ಪ್ರತಿ ಕುಟುಂಬವೂ ಆಲೂಗಡ್ಡೆ ಬೆಳೆಯುತ್ತದೆ. ಭೂಮಿ ಸಮುದಾಯದ ಒಡೆತನದಲ್ಲಿದೆ. ಹುಲ್ಲುಗಾವಲು ಬರಡಾಗದಂತೆ ಸಾಕುಪ್ರಾಣಿಗಳ ಸಂಖ್ಯೆಗೆ ಮಿತಿ ವಿಧಿಸಲಾಗಿದೆ. ಗ್ಲಾಸ್, ಗ್ರೀನ್, ಹೇಗನ್, ಲವರೆಲ್ಲೊ, ರೆಪೆಟ್ಟೊ, ರಾಜರ್ಸ್ ಮತ್ತು ಸ್ವೇನ್ ಇಲ್ಲಿನ ಹಳೆಯ ಮನೆತನಗಳ ಹೆಸರುಗಳು. ಸಣ್ಣ ಸಮುದಾಯದೊಳಗೇ ವಿವಾಹಗಳು ನಡೆದುದರಿಂದ ಆನುವಂಶಿಕ ಆಸ್ತಮಾ ಇಲ್ಲಿ ಹೆಚ್ಚಾಗಿ ಕಂಡುಬರುತ್ತದೆ.

ಜೀವಿಸಂಕುಲ

ಗಫ್ ಮತ್ತು ಇನಾಕ್ಸೆಸಿಬಲ್ ದ್ವೀಪಗಳು ಯುನೆಸ್ಕೊ ವಿಶ್ವ ಪರಂಪರೆಯ ತಾಣಗಳಾಗಿವೆ. ಹಾರಲಾರದ ಹಕ್ಕಿಗಳಲ್ಲಿ ಅತಿ ಚಿಕ್ಕದಾದ ಇನಾಕ್ಸೆಸಿಬಲ್ ರೇಲ್ ಆ ದ್ವೀಪದಲ್ಲಿ ಮಾತ್ರ ಇದೆ. ಗಫ್‌ನಲ್ಲಿ ಹಿಂದೆ ಹಡಗುಗಳ ಮೂಲಕ ಬಂದ ಇಲಿಗಳು ಟ್ರಿಸ್ಟನ್ ಆಲ್ಬಟ್ರಾಸ್‌ನ ಮರಿಗಳನ್ನು ಕೊಂದು ಆ ಪ್ರಭೇದವನ್ನು ಅಳಿವಿನಂಚಿಗೆ ತಂದಿವೆ. 2011ರ ಮಾರ್ಚ್‌ನಲ್ಲಿ ಒಲಿವಾ ಎಂಬ ಸರಕು ಹಡಗು ನೈಟಿಂಗೇಲ್ ಬಳಿ ಒಡೆದು ತೈಲ ಸೋರಿದಾಗ ಸಾವಿರಾರು ರಾಕ್‌ಹಾಪರ್ ಪೆಂಗ್ವಿನ್‌ಗಳು ತೊಂದರೆಗೊಳಗಾದವು. 2020ರಲ್ಲಿ ಸುತ್ತಲಿನ ಸುಮಾರು 6,87,000 ಚ.ಕಿ.ಮೀ. ಕಡಲನ್ನು ಸಂರಕ್ಷಿತ ವಲಯವೆಂದು ಘೋಷಿಸಲಾಯಿತು.

ಪ್ರಯಾಣ

ಇಲ್ಲಿ ವಿಮಾನ ನಿಲ್ದಾಣವಿಲ್ಲ. ಕೇಪ್‌ಟೌನಿನಿಂದ ವರ್ಷಕ್ಕೆ ಕೆಲವೇ ಬಾರಿ ಹೊರಡುವ ಹಡಗುಗಳಲ್ಲಿ ತಲುಪಲು ಸುಮಾರು ಒಂದು ವಾರ ಬೇಕಾಗುತ್ತದೆ. ಭೇಟಿಗೆ ದ್ವೀಪದ ಆಡಳಿತದಿಂದ ಮುಂಚಿತವಾಗಿ ಅನುಮತಿ ಪಡೆಯಬೇಕು. ಬಂದರು ಚಿಕ್ಕದಾದ ಕಾರಣ ದೊಡ್ಡ ಹಡಗುಗಳು ಹೊರಗೇ ಲಂಗರು ಹಾಕುತ್ತವೆ. ಕಡಲು ಉಕ್ಕೇರಿದ್ದರೆ ಪ್ರಯಾಣಿಕರು ಇಳಿಯಲು ದಿನಗಟ್ಟಲೆ ಕಾಯಬೇಕಾಗುತ್ತದೆ.