ಪ್ರೊಬೇಷನ್: ಮುಚ್ಚಳಿಕೆಯ ಮೇಲಿನ ಬಿಡುಗಡೆ

ಅಪರಾಧ ಸಾಬೀತಾದ ಮೇಲೂ ಜೈಲಿಗೆ ಕಳಿಸದೆ, ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡು, ಬೇಕಾದರೆ ಅಧಿಕಾರಿಯೊಬ್ಬರ ನಿಗಾ ಇಟ್ಟು ಬಿಟ್ಟುಕಳಿಸುವ ವ್ಯವಸ್ಥೆಯೇ ಪ್ರೊಬೇಷನ್. ಪೆರೋಲ್ ಇದಲ್ಲ, ಅದು ಆಗಲೇ ಜೈಲು ಸೇರಿದವರಿಗೆ ಸಿಗುವ ಬಿಡುಗಡೆ. ಮುಚ್ಚಳಿಕೆಯ ಅವಧಿ ಮುಗಿದ ಮೇಲೆ ತಪ್ಪಿತಸ್ಥ ಎಂಬ ತೀರ್ಪಿನ ಗತಿಯೇನು? ಈ ಪ್ರಶ್ನೆ ಹಲವು ದೇಶಗಳ ಕೋರ್ಟುಗಳನ್ನು ಕಾಡಿದೆ.

1841ರ ಆಗಸ್ಟ್‌ನಲ್ಲಿ ಅಮೆರಿಕದ ಬಾಸ್ಟನ್ ಪೊಲೀಸ್ ಕೋರ್ಟಿಗೆ ಕುಡುಕತನದ ಆರೋಪದ ಮೇಲೆ ಚಿಂದಿಬಟ್ಟೆಯ ವ್ಯಕ್ತಿಯೊಬ್ಬನನ್ನು ತಂದರು. ಅಲ್ಲಿದ್ದ ಬೂಟು ತಯಾರಕ ಜಾನ್ ಅಗಸ್ಟಸ್ ಅವನಿಗೆ ಜಾಮೀನು ನಿಂತರು. ಇನ್ನು ಕುಡಿಯುವುದಿಲ್ಲವೆಂದು ಮಾತುಕೊಟ್ಟ ಆತ ಮೂರು ವಾರಗಳ ನಂತರ ಬಂದಾಗ ಗುರುತೇ ಸಿಗದಷ್ಟು ಬದಲಾಗಿದ್ದ. ನ್ಯಾಯಾಧೀಶರು ಒಂದು ಸೆಂಟ್ ದಂಡ, ಜೊತೆಗೆ ಕೋರ್ಟು ಖರ್ಚು ಕಟ್ಟಿಸಿಕೊಂಡು ಬಿಟ್ಟರು. 1859ರಲ್ಲಿ ತೀರಿಕೊಳ್ಳುವ ಹೊತ್ತಿಗೆ ಅಗಸ್ಟಸ್ ಹೆಚ್ಚುಕಡಿಮೆ ಎರಡು ಸಾವಿರ ಮಂದಿಗೆ ಜಾಮೀನಾಗಿದ್ದರು. 1878ರಲ್ಲಿ ಮ್ಯಾಸಚೂಸೆಟ್ಸ್ ರಾಜ್ಯ ಈ ಕೆಲಸಕ್ಕೆ ಸಂಬಳದ ಅಧಿಕಾರಿಯನ್ನು ನೇಮಿಸುವ ಕಾನೂನು ಮಾಡಿತು. ಇಂಗ್ಲೆಂಡಿನ ಕಾಯ್ದೆ ಬಂದದ್ದು 1907ರಲ್ಲಿ.

ದಯೆಯಿಂದ ಹುಟ್ಟಿದ ಈ ಪದ್ಧತಿ ಅಮೆರಿಕದಲ್ಲಿ ಕ್ರಮೇಣ ಬಿಗಿಯಾಯಿತು. ಜಾರ್ಜಿಯಾದ ಬೇರ್ಡೆನ್ ಎಂಬಾತ ಪ್ರೊಬೇಷನ್ನಿನ ಷರತ್ತಿನಂತೆ ದಂಡ ಮತ್ತು ಪರಿಹಾರವೆಂದು 750 ಡಾಲರ್ ಕಟ್ಟಬೇಕಿತ್ತು. ತಂದೆತಾಯಿಯಿಂದ ಸಾಲ ತಂದು 200 ಡಾಲರ್ ಕಟ್ಟಿದ; ಅಷ್ಟರಲ್ಲಿ ಕೆಲಸ ಹೋಯಿತು. ಬಾಕಿ ಉಳಿಯಿತೆಂದು ಪ್ರೊಬೇಷನ್ ರದ್ದಾಗಿ ಜೈಲು ಸೇರಿದ. ಕಟ್ಟಲಾಗದ ಬಡತನಕ್ಕೂ ಬೇಕೆಂದೇ ಕಟ್ಟದಿರುವುದಕ್ಕೂ ಇರುವ ಅಂತರವನ್ನು ಮೊದಲು ವಿಚಾರಿಸಬೇಕೆಂದು ಅಲ್ಲಿನ ಸುಪ್ರೀಂ ಕೋರ್ಟ್ 1983ರಲ್ಲಿ ಹೇಳಿತು. ರ್‍ಯಾಪ್ ಗಾಯಕ ಮೀಕ್ ಮಿಲ್ 2008ರ ತೀರ್ಪಿನ ಪ್ರೊಬೇಷನ್ ಷರತ್ತುಗಳನ್ನು ಮುರಿದರೆಂದು 2017ರಲ್ಲೂ ಜೈಲಿಗೆ ಹೋದರು. ಮೂಲ ತೀರ್ಪೇ 2019ರಲ್ಲಿ ರದ್ದಾಯಿತು.

ಭಾರತದಲ್ಲಿ ಮೊದಲ ಬಾರಿ ತಪ್ಪುಮಾಡಿದವರನ್ನು ಹೀಗೆ ಬಿಡಲು 1898ರ ದಂಡಪ್ರಕ್ರಿಯಾ ಸಂಹಿತೆಯ 562ನೇ ಕಲಂ ಅವಕಾಶ ಕೊಟ್ಟಿತ್ತು. ಮದರಾಸು ಪ್ರಾಂತ್ಯ 1936ರಲ್ಲಿ, ಮುಂಬಯಿ ಪ್ರಾಂತ್ಯ 1938ರಲ್ಲಿ ಪ್ರತ್ಯೇಕ ಕಾಯ್ದೆ ಮಾಡಿದವು. ಮಂಗಳೂರು, ಬಳ್ಳಾರಿ ಆಗ ಮದರಾಸಿನಲ್ಲೂ, ಧಾರವಾಡ, ಬೆಳಗಾವಿ ಮುಂಬಯಿಯಲ್ಲೂ ಇದ್ದವು.

ಇಡೀ ದೇಶವನ್ನು ಗಮನದಲ್ಲಿಟ್ಟು ಬಂದದ್ದು 1958ರ ಅಪರಾಧಿಗಳ ಪ್ರೊಬೇಷನ್ ಕಾಯ್ದೆ. ಸಣ್ಣಪುಟ್ಟ ತಪ್ಪಿಗೆ ಎಚ್ಚರಿಕೆ ಕೊಟ್ಟು ಬಿಡಬಹುದು. ಮರಣದಂಡನೆ, ಜೀವಾವಧಿಗೆ ಗುರಿಯಾಗದ ಅಪರಾಧಗಳಲ್ಲಿ ಗರಿಷ್ಠ 3 ವರ್ಷದ ಮುಚ್ಚಳಿಕೆ ಬರೆಸಿಕೊಳ್ಳಬಹುದು. ಇಂಥ ಪ್ರಕರಣಗಳಲ್ಲಿ 21 ವರ್ಷದೊಳಗಿನವರನ್ನು ಜೈಲಿಗೆ ಕಳಿಸಬೇಕಾದರೆ ಕೋರ್ಟು ಕಾರಣವನ್ನು ಬರೆದಿಡಬೇಕು. ಹೀಗೆ ಬಿಡುಗಡೆಯಾದವರಿಗೆ ಶಿಕ್ಷೆಯೊಂದಿಗೆ ಅಂಟಿಬರುವ ಅನರ್ಹತೆ ತಟ್ಟಬಾರದು ಎನ್ನುತ್ತದೆ 12ನೇ ಕಲಂ.

ಅದರ ಅರ್ಥ ಒರೆಗೆ ಬಿದ್ದದ್ದು ದೆಹಲಿಯ ಹಾಲು ಯೋಜನೆಯ ನಗದು ಗುಮಾಸ್ತರೊಬ್ಬರ ಪ್ರಕರಣದಲ್ಲಿ. ಮಗ ತೀರಿಕೊಂಡಿದ್ದ, ಹೆಂಡತಿ ಹಾಸಿಗೆ ಹಿಡಿದಿದ್ದರು, ಮಗಳು ಮಹಡಿಯಿಂದ ಬಿದ್ದಿದ್ದಳು. ಆ ದಿನಗಳಲ್ಲಿ ಅವರು 500 ರೂಪಾಯಿಯನ್ನು ಸಕಾಲಕ್ಕೆ ಜಮಾ ಮಾಡಲಿಲ್ಲ. ಆಮೇಲೆ ಹಣ ಕಟ್ಟಿ ತಪ್ಪೊಪ್ಪಿಕೊಂಡರು. 1963ರಲ್ಲಿ ಮ್ಯಾಜಿಸ್ಟ್ರೇಟರು ಪ್ರೊಬೇಷನ್ ಮೇಲೆ ಬಿಟ್ಟರು. ಮರುವರ್ಷ ಇಲಾಖೆ ಅವರನ್ನು ವಜಾ ಮಾಡಿತು. ಸುಪ್ರೀಂ ಕೋರ್ಟ್ 1985ರಲ್ಲಿ, ಪೂರ್ತಿ ಹಿಂಬಾಕಿ ಸಂಬಳದೊಂದಿಗೆ ಅವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಆದೇಶಿಸಿತು.

ಆದರೆ ಅವರನ್ನು ಉಳಿಸಿದ್ದು 12ನೇ ಕಲಂ ಅಲ್ಲ. ವಜಾ ಎಂಬುದು ಆ ಕಲಮಿನ ‘ಅನರ್ಹತೆ’ಯೊಳಗೆ ಬರುವುದಿಲ್ಲವೆಂದು ಕೋರ್ಟು ಸ್ಪಷ್ಟಪಡಿಸಿತು, ತಪ್ಪಿಗೆ ತಕ್ಕುದಲ್ಲದ ದಂಡನೆ ಎಂಬ ಕಾರಣಕ್ಕೆ ವಜಾ ಆದೇಶ ಬಿದ್ದುಹೋಯಿತು. ಬಕ್ಷಿ ರಾಮ್ ಎಂಬುವರ ಪ್ರಕರಣದಲ್ಲಿ ಅದೇ ಕೋರ್ಟು 1990ರಲ್ಲಿ ಕೊಟ್ಟ ತೀರ್ಪು ಇದನ್ನೇ ಗಟ್ಟಿಮಾಡಿತು: ಪ್ರೊಬೇಷನ್ ಸಿಕ್ಕಮಾತ್ರಕ್ಕೆ ಅಪರಾಧದ ತೀರ್ಪು ಅಳಿಯುವುದಿಲ್ಲ, ಆ ನಡತೆಯ ಮೇಲೆ ಇಲಾಖೆ ಕ್ರಮ ಕೈಗೊಳ್ಳಬಹುದು. ಹಾಗಾಗಿ ಜೈಲು ತಪ್ಪಿದ ಸರ್ಕಾರಿ ನೌಕರರೂ ಕೆಲಸ ಉಳಿಸಿಕೊಳ್ಳಲು ಬೇರೆಯೇ ವಾದ ಹೂಡಬೇಕಾಗುತ್ತದೆ.