ಒಬ್ಬರಿಂದಾಗದ ವೈಯಾವೃತ್ಯ

ವೈಯಾವೃತ್ಯವು ಆರು ಅಂತರಂಗ ತಪಸ್ಸುಗಳಲ್ಲಿ ಒಂದೆಂಬುದು ಶ್ರಾವಕ ಬಂಧುಗಳಿಗೆ ತಿಳಿದ ವಿಷಯ. ತತ್ತ್ವಾರ್ಥಸೂತ್ರವು ಅದಕ್ಕೆ ಪಾತ್ರರಾದ 10 ಬಗೆಯವರಲ್ಲಿ ‘ಗ್ಲಾನ’ನನ್ನು, ಎಂದರೆ ರೋಗಪೀಡಿತನನ್ನು, ಹೆಸರಿಸಿದೆ. ಆ ಸೇವೆಯ ವ್ಯವಸ್ಥೆಯನ್ನು ವಿವರವಾಗಿ ಕಾಣಬೇಕಾದರೆ ನಮ್ಮ ವಡ್ಡಾರಾಧನೆಯ 19 ಕಥೆಗಳಿಗೆ ಗಾಹೆಗಳನ್ನಿತ್ತ ಶಿವಾರ್ಯರ ಭಗವತೀ ಆರಾಧನೆಯನ್ನು ತೆರೆಯಬೇಕು.

ಸಲ್ಲೇಖನ ಕೈಗೊಂಡ ಕ್ಷಪಕನಿಗೆ ಅಲ್ಲಿ 48 ಮಂದಿ ನಿರ್ಯಾಪಕ ಮುನಿಗಳನ್ನು ಹೇಳಿದೆ. ನಾಲ್ವರು ಅವನನ್ನು ಎಬ್ಬಿಸಿ, ಕೂರಿಸಿ, ಮಗ್ಗುಲು ಬದಲಿಸಬೇಕು; ನಾಲ್ವರು ಧರ್ಮಕಥೆ ಹೇಳಬೇಕು; ನಾಲ್ವರು ಮಲಮೂತ್ರಗಳನ್ನು ತೆಗೆಯಬೇಕು; ನಾಲ್ವರು ರಾತ್ರಿ ಎಚ್ಚರವಿರಬೇಕು. ಕಾಲ ಅನುಕೂಲವಿಲ್ಲದಾಗ ಸಂಖ್ಯೆಯನ್ನು ಇಳಿಸಬಹುದು. ಆದರೆ ಇಬ್ಬರಿಗಿಂತ ಕಡಿಮೆ ಸಲ್ಲದು. ಒಬ್ಬನೇ ಇದ್ದು ಆಹಾರಕ್ಕೆ ಹೋದರೆ ಕ್ಷಪಕನು ಅನಾಥ. ಹೋಗದಿದ್ದರೆ ತಾನೇ ಕುಗ್ಗುವನು.

ಮುನಿಗಳ ಸಮಾಧಿವಿಧಿಯನ್ನು ಗೃಹಸ್ಥರ ಮನೆಗೆ ಹಾಗೆಯೇ ತರಲಾಗದು, ನಿಜ. ಆದರೂ ಈ ಕಾರಣವನ್ನು ಓದಿದಾಗ ನನ್ನ ತಾಯಿಯವರ ಕೊನೆಯ ವರ್ಷಗಳು ನೆನಪಾದವು. ಅವರು ಗುಳಿಗೆಯನ್ನು ಎರಡೆರಡು ಬಾರಿ ನುಂಗಿದ್ದು, ಬಚ್ಚಲಲ್ಲಿ ಜಾರಿದ್ದು, ಬಸದಿಯ ದಾರಿ ಮರೆತದ್ದು ಎಲ್ಲವನ್ನೂ ವಯೋಧರ್ಮವೆಂದು ತಳ್ಳಿಹಾಕಿದ್ದೆ. ಅವರನ್ನು ಬಿಟ್ಟು ಕದಲಲಾಗದೆ ನನ್ನ ಪತ್ನಿ ಎಷ್ಟೋ ಸಂಜೆ ಸೂರ್ಯಾಸ್ತದೊಳಗೆ ಉಣ್ಣದೆ ಹಾಗೆಯೇ ಮಲಗುತ್ತಿದ್ದಳು. ಅಂಗಡಿಯ ಲೆಕ್ಕದಲ್ಲಿ ಒಂದು ರೂಪಾಯಿ ತಪ್ಪಿದರೂ ಹಿಡಿಯುತ್ತಿದ್ದ ನಾನು ಅದನ್ನು ವ್ರತವೆಂದುಕೊಂಡಿದ್ದೆ!

ಕೊನೆಗೆ ತಾಯಿಯವರೇ, “ಸೊಸೆ ಇವತ್ತೂ ಉಣ್ಣಲಿಲ್ಲ ಕಣಪ್ಪ” ಎಂದರು. ಆ ವಾರವೇ ಹಗಲಿಗೆ ನನ್ನ ತಂಗಿಯನ್ನು ಕರೆಸಿಕೊಂಡು, ರಾತ್ರಿಗೆ ಒಬ್ಬ ಹೆಂಗಸನ್ನು ಗೊತ್ತುಮಾಡಿದೆವು.